ಅರ್ಧ ಹಲ್ಲಿನ ತಕರಾರು

ಗುಂಡಗಿರುವುದನ್ನು ಎತ್ತ ತಿರುಗಿಸಿದರೂ ಒಂದೇ ಮುಖ. ಶಾಫ್ಟು ಗುಂಡು, ಗೇರಿನ ನಡುವಿನ ತೂತೂ ಗುಂಡು. ಎರಡನ್ನೂ ಹಾಗೇ ಜೋಡಿಸಿದರೆ ಶಾಫ್ಟು ತನ್ನ ಪಾಡಿಗೆ ತಿರುಗುತ್ತದೆ, ಗೇರು ನಿಂತು ನೋಡುತ್ತದೆ. ಅದಕ್ಕೇ ಎರಡರಲ್ಲೂ ಸಣ್ಣ ಕಾಲುವೆ ಕೊರೆದು ನಡುವೆ ಉಕ್ಕಿನ ತುಂಡೊಂದನ್ನು ಕೂರಿಸುತ್ತಾರೆ. ಕೊರೆದದ್ದು ಕೀವೇ, ಕೂತದ್ದು ಕೀ. 25 ಮಿಲಿಮೀಟರ್ ಶಾಫ್ಟಿಗೆ 8 ಅಗಲ, 7 ಎತ್ತರದ ಕೀ ಸಾಕು. ಎಷ್ಟೋ ಕಡೆ ಅದನ್ನು ತುಸು ಮೆತ್ತಗಿನ ಉಕ್ಕಿನಲ್ಲೇ ಮಾಡುತ್ತಾರೆ. ಜಗಳ ಹತ್ತಿದಾಗ ಮೊದಲು ಪೆಟ್ಟು ತಿನ್ನಬೇಕಾದವನು ಮಧ್ಯಸ್ಥನೇ ತಾನೆ!

ಹಳೆಯ ಸ್ಕೂಟರಿನ ಮ್ಯಾಗ್ನೆಟ್ಟಿನೊಳಗೆ ಇರುವುದು ಹಾಫ್‌ಮೂನ್ ಕೀ. ಅಲ್ಲಿ ಬಿಗಿಹಿಡಿಯುವ ಕೆಲಸ ಟೇಪರಿನದು, ನಟ್ಟಿನದು. ಕೀ ಇರುವುದು ಜಾಗ ತೋರಿಸಲಿಕ್ಕೆ. ನಟ್ಟು ಸಡಿಲಾಗಿ ಅದು ತುಂಡಾಯಿತೋ, ಕಿಡಿ ಹಾರುವ ಹೊತ್ತು ತಪ್ಪುತ್ತದೆ. ಆಮೇಲೆ ಕಿಕ್ ಹೊಡೆಯುವವರು ಯಾರು, ಹೊಡೆಸಿಕೊಳ್ಳುವವರು ಯಾರು ಎಂಬುದು ಸ್ಕೂಟರಿನ ಮರ್ಜಿ.

ಡೀಸೆಲ್ ಪಂಪ್‌ಸೆಟ್ಟಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಹಾಕುವಷ್ಟರಲ್ಲಿ ಕ್ಯಾಮು ಒಂದು ಸುತ್ತು ಮುಗಿಸಬೇಕು. ಕ್ರ್ಯಾಂಕಿನ ಗೇರಿಗೆ 20 ಹಲ್ಲಿದ್ದರೆ ಕ್ಯಾಮಿನದಕ್ಕೆ 40. ಚುಕ್ಕೆಗೆ ಚುಕ್ಕೆ ಕೂಡಿಸಿ ಜೋಡಿಸುವುದು ಪದ್ಧತಿ. ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ಏರುಪೇರು. ಆದರೂ ಅದು ಪುಣ್ಯದ ತಪ್ಪು. ಬಿಚ್ಚಿ ಒಂದು ಹಲ್ಲು ಸರಿಸಿದರೆ ತೀರಿತು.

ಪಾಪದ ತಪ್ಪೊಂದನ್ನು ಪೀಣ್ಯದ ವರ್ಕ್‌ಶಾಪಿನಲ್ಲಿ ಕಂಡೆ. ಯಜಮಾನರೊಬ್ಬರು ಬೇರೆಲ್ಲೋ ಮಾಡಿಸಿದ ಹೊಸ ಕ್ಯಾಮ್ ಗೇರು ತಂದಿದ್ದರು. ಹಲ್ಲು ಫಳಫಳ, ಬೋರು ಕರಾರುವಾಕ್ಕು, ಆದರೆ ಎಂಜಿನ್ನು ಕೆಮ್ಮುತ್ತಿತ್ತು. ಹಲ್ಲು ಮುಂದೆ ಸರಿಸಿದರೆ 9 ಡಿಗ್ರಿ ಜಾಸ್ತಿ, ಹಿಂದೆ ಸರಿಸಿದರೆ 9 ಕಮ್ಮಿ. ಮೇಸ್ತ್ರಿ ಹಳೆಯದನ್ನೂ ಹೊಸದನ್ನೂ ಒಂದೇ ಶಾಫ್ಟಿಗೆ, ಒಂದೇ ಕೀ ಮೇಲೆ, ಬೆನ್ನಿಗೆ ಬೆನ್ನು ಹಚ್ಚಿ ಏರಿಸಿ ಬೆಳಕಿಗೆ ಹಿಡಿದರು. ಹಿಂದಿನ ಹಲ್ಲುಗಳೆಲ್ಲ ಮುಂದಿನದರ ಸಂದಿಯಿಂದ ಇಣುಕುತ್ತಿದ್ದವು. ಹಳೆಯದರಲ್ಲಿ ಕೀವೇ ಹಲ್ಲಿನ ನೇರಕ್ಕೆ, ಹೊಸದರಲ್ಲಿ ಸಂದಿಯ ನೇರಕ್ಕೆ!

“ಕೀ ಗಟ್ಟಿಯಾಗಿ ಕೂತಿದೆಯಲ್ಲ ಮೇಸ್ತ್ರಿ?” ಎಂದರು ಯಜಮಾನರು.

“ಕೂತಿದೆ ಯಜಮಾನ್ರೆ. ತಪ್ಪು ಜಾಗದಲ್ಲಿ ಗಟ್ಟಿಯಾಗಿ ಕೂತಿದೆ.”

ಸಡಿಲವಾದ ತಪ್ಪು ಓಡಾಡಿಕೊಂಡು ಎಂದಾದರೊಮ್ಮೆ ಸರಿದಾರಿಗೆ ಬಂದೀತು. ಬಿಗಿಯಾಗಿ ಕೂತ ತಪ್ಪಿಗೆ ಆ ಆಸೆಯೂ ಇಲ್ಲ. ಅದು ಸುತ್ತು ಸುತ್ತಿಗೂ ನಿಷ್ಠೆಯಿಂದ ತಪ್ಪುತ್ತದೆ. ಕೆಲವು ಹಿರಿಯ ಅಧಿಕಾರಿಗಳ ಬಗ್ಗೆ ನನಗಿದ್ದ ಗೊಂದಲ ಅಲ್ಲೇ ಪರಿಹಾರವಾಯಿತು.

ಹಾಗಂತ ಗೇರು ಗುಜರಿಗೆ ಹೋಗಲಿಲ್ಲ. ಅರ್ಧ ಹಲ್ಲೆಂದರೆ ಆ ಗೇರಿನಲ್ಲಿ ನಾಲ್ಕೂವರೆ ಡಿಗ್ರಿ. 25ರ ಶಾಫ್ಟಿನ ಮೈಮೇಲೆ ಹೆಚ್ಚುಕಡಿಮೆ 1 ಮಿಲಿಮೀಟರ್. ಮೇಸ್ತ್ರಿ ಕೀಯ ಮೇಲರ್ಧ ಅಷ್ಟು ಪಕ್ಕಕ್ಕೆ ಸರಿದಿರುವಂತೆ, ಮೆಟ್ಟಿಲಿನಾಕಾರದ ಹೊಸ ಕೀ ಅರದಿಂದ ಉಜ್ಜಿ ಕೂರಿಸಿದರು. ಎಂಜಿನ್ನಿನ ಕೆಮ್ಮು ನಿಂತಿತು.

ಯಜಮಾನರು ಹಿಂದೆ ಬರೆದುಕೊಟ್ಟಿದ್ದ ಚೀಟಿಯಲ್ಲಿ ಹಲ್ಲು 40, ಬೋರು 25, ಕೀವೇ 8 ಎಂದಷ್ಟೇ ಇತ್ತು. ಮೇಸ್ತ್ರಿ ಅದರ ಕೆಳಗೆ ‘ಕೀವೇ ಹಲ್ಲಿನ ನಡುವಿಗೆ’ ಎಂದು ಸೇರಿಸಿಕೊಟ್ಟರು. ಆ ಸಾಲಿಗೆ ಅವರು ಕಾಸು ಕೇಳುವುದಿಲ್ಲ. ಅದನ್ನು ಬರೆಯದೆ ಬರುವವರಿಂದಲೇ ಅವರ ಅಂಗಡಿ ನಡೆಯುವುದು.