ಮೂರು ಊರು, ಎರಡು ಗೆಲುವು

ಖಾನಾಪುರದಿಂದ ಬೆಳಗಾವಿಗೆ ಹೊರಟ ಬಸ್ಸು. ಸೀಟು ಸಿಕ್ಕಿತ್ತು, ಹೀಗಾಗಿ ಕಬಡ್ಡಿ.

“ಕಾಕಾ, 2024ರ ಸೀಸನ್ನಿನಾಗ ಬೆಂಗಳೂರು ಬುಲ್ಸ್ 22 ಆಟ ಆಡಿ ಗೆದ್ದದ್ದು ಬರೇ 2 ರೀ!”

“ಅಂಕಣ ಹೊಸಾದಿತ್ತೇನೋಪಾ?”

“ಹೈದರಾಬಾದ್, ನೋಯ್ಡಾ, ಪುಣೆ. ಬೆಂಗಳೂರಾಗ ಒಂದೂ ಇರಲಿಲ್ಲ.”

“ಹಂಗಾರ ತಪ್ಪು ಊರಿಂದು.”

“ಉಳಿದ 11 ತಂಡಾನೂ ಅಲ್ಲೇ ಆಡಿದ್ವಲ್ರಿ!”

“ಅವಕ್ಕ ಅಲ್ಲೀ ನೀರು ಹಿಡಿಸಿರಬೇಕು. ನಾಯಕ ಯಾರು?”

“ಪ್ರದೀಪ್ ನರ್ವಾಲ್. ಲೀಗಿನಾಗ ಎಲ್ಲಾರಕಿಂತ ಹೆಚ್ಚು ರೇಡ್ ಪಾಯಿಂಟ್ ಅವರವ.”

“ಪಾಯಿಂಟು ಹಳೇ ಟೀಮಿನಾಗ ಬಿಟ್ಟು ಬಂದಿರಬೇಕು.”

“2019ರ ಜನವರಿಯಾಗ ಇದೇ ಬುಲ್ಸ್ ಗುಜರಾತನ್ನ 38–33ರಿಂದ ಸೋಲಿಸಿ ಕಪ್ ಎತ್ತಿತ್ತು. ಎಲ್ಲಿ ಗೊತ್ತೇನ್ರಿ? ಮುಂಬೈಯಾಗ!”

ಕಾಕಾನ ವಕೀಲಿ ಪೀರನವಾಡಿತನಕ ಬಾಯಿಬಿಡಲಿಲ್ಲ. ಆಮೇಲೆ ಮೆಲ್ಲಗೆ:

“12 ತಂಡದಾಗ ಎಷ್ಟನೇದು ಬಂತು?”

“12ನೇದು.”