ಪುನಃಪರೀಕ್ಷಾ ಮೀಮಾಂಸೆ: ಗದಗ ಸೀಮೆಯ ಐದು ಪ್ರಸ್ಥಾನಗಳ ವಿವೇಚನೆ

ಒಮ್ಮೆ ಬರೆದ ಪರೀಕ್ಷೆಯನ್ನು ಮತ್ತೆ ಬರೆಯಬೇಕೇ ಬೇಡವೇ ಎಂಬ ಪ್ರಶ್ನೆ ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ಪ್ರಶ್ನೆಗಿಂತ ಕಠಿಣವಾದದ್ದು. ಜಗತ್ತಿನ ಪ್ರಶ್ನೆಗೆ ಅರ್ಜಿ ಹಾಕುವ ಕಡೆಯ ದಿನವಿಲ್ಲ. ಪರೀಕ್ಷೆಗೆ ಅದೂ ಇದೆ, ದಂಡಸಹಿತ ಕಡೆಯ ದಿನವೂ ಇದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಈ ವಿಷಯವಾಗಿ ಪ್ರತಿ ಬೇಸಿಗೆ ಕಟ್ಟೆಗಳ ಮೇಲೆ, ಮಿರ್ಚಿ ಭಜಿ ಅಂಗಡಿಗಳ ಮುಂದೆ, ಮದುವೆಯ ಊಟದ ಪಂಕ್ತಿಗಳಲ್ಲಿ ಘನವಾದ ವಾಕ್ಯಾರ್ಥ ನಡೆಯುತ್ತದೆ. ಆದರೂ ಅದನ್ನು ಯಾರೂ ಗ್ರಂಥಸ್ಥಗೊಳಿಸಿಲ್ಲವೆಂಬುದು ನಮ್ಮ ವಿದ್ವತ್ತಿಗೆ ಶೋಭೆಯಲ್ಲ.

ಮೊದಲು ವಿಷಯವಾಕ್ಯ. 2024ರಲ್ಲಿ ಪರೀಕ್ಷಾ ಮಂಡಳಿಯು ದ್ವಿತೀಯ ಪಿಯುಸಿಗೆ ವಾರ್ಷಿಕ, ಪೂರಕ ಎಂಬ ಭೇದವನ್ನು ಅಳಿಸಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಅದ್ವೈತವನ್ನು ಸ್ಥಾಪಿಸಿತು. ನಪಾಸಾದವನೂ ಬರೆಯಬಹುದು, ಪಾಸಾಗಿ ಸಮಾಧಾನವಾಗದವನೂ ಬರೆಯಬಹುದು. ಹೆಚ್ಚು ಬಿದ್ದ ಅಂಕ ಉಳಿಯುತ್ತದೆ. ಮೊದಲೆಲ್ಲ ‘ಸಪ್ಲಿಮೆಂಟರಿ ಕುಂತಾನ’ ಎಂದರೆ ಮನೆಮಂದಿ ಓಣಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಿತ್ತು. ಈಗ ‘ಎಕ್ಸಾಮ್ ಟೂ ಬರ್ಯಾಕತ್ತಾನ’ ಎಂದರೆ ಸಂದೇಹದ ಲಾಭ ಸಿಗುತ್ತದೆ. ಕೇಳಿದವರು ‘ಇಂಪ್ರೂವ್‌ಮೆಂಟಾ?’ ಎನ್ನುತ್ತಾರೆ, ಅವ್ವ ಹೌದೆಂದೂ ಅನ್ನುವುದಿಲ್ಲ, ಅಲ್ಲವೆಂದೂ ಅನ್ನುವುದಿಲ್ಲ. ಇದಕ್ಕೆ ಅನಿರ್ವಚನೀಯ ಖ್ಯಾತಿ ಎಂದು ಹೆಸರು.

ಇನ್ನು ಪ್ರಮಾಣಗಳು. ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕನ್ನು ಹೇಳುತ್ತದೆ. ನಮ್ಮ ಸೀಮೆಯಲ್ಲಿ ಪ್ರತ್ಯಕ್ಷವೆಂದರೆ ಮಾರ್ಕ್ಸ್ ಕಾರ್ಡು. ಅನುಮಾನವೆಂದರೆ ಸಿಇಟಿ ನಡೆಸುವ ಪ್ರಾಧಿಕಾರದ ಕೀ ಉತ್ತರ ಬರುವ ಮೊದಲೇ ಗೆಳೆಯರು ಕೂಡಿ ಟಿಕ್ ಹಾಕಿಕೊಂಡು ಎಣಿಸಿದ ಅಂಕ. ಇದು ಯಾವಾಗಲೂ ಪ್ರತ್ಯಕ್ಷಕ್ಕಿಂತ ಹೆಚ್ಚಿರುತ್ತದೆ. ಉಪಮಾನವೆಂದರೆ ಬಾಜೂ ಮನೆಯ ಹುಡುಗಿ. ಶಬ್ದವೆಂದರೆ ಮಾಮ ಹೇಳಿದ್ದು. ನಾಲ್ಕರಲ್ಲಿ ವಿರೋಧ ಬಂದರೆ ಶಬ್ದವೇ ಪ್ರಬಲ, ಯಾಕೆಂದರೆ ಮಾಮ ಹುಬ್ಬಳ್ಳಿಯಲ್ಲಿದ್ದಾನೆ. ಪ್ರತ್ಯಕ್ಷವನ್ನು ನಂಬೋಣವೆಂದರೆ ಅದೂ ನಿಂತಲ್ಲಿ ನಿಲ್ಲುವುದಿಲ್ಲ: 2024ರ ಸಿಇಟಿಯಲ್ಲಿ ಪಠ್ಯಕ್ರಮದಲ್ಲಿಲ್ಲದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಡಲಾಯಿತು. ಅವುಗಳಿಗೆ ಸರಿಯುತ್ತರ ಬರೆದವನ ಜ್ಞಾನ ಎಲ್ಲಿ ಹೋಯಿತೆಂಬುದಕ್ಕೆ ಯಾವ ದರ್ಶನದಲ್ಲೂ ಉತ್ತರವಿಲ್ಲ.

ಈಗ ಪ್ರಸ್ಥಾನಗಳು. ಗದಗ ಪ್ರಸ್ಥಾನದವರು ಏಕಪರೀಕ್ಷಾವಾದಿಗಳು. ಅವರ ಆಧಾರ ವೀರನಾರಾಯಣನ ಗುಡಿಯಲ್ಲಿದೆ. ಅಲ್ಲಿ ಕುಳಿತು ಭಾರತ ಬರೆದ ನಾರಣಪ್ಪ ಒಮ್ಮೆ ಇಟ್ಟ ಪದವನ್ನು ಅಳಿಸಲಿಲ್ಲವೆಂದು ತಾನೇ ಹೇಳಿಕೊಂಡಿದ್ದಾನೆ. ಓಎಂಆರ್ ಹಾಳೆಯ ನಿಯಮವೂ ಇದೇ ಅಲ್ಲವೇ? ಮಿಂದು ಬಂದು, ಉಟ್ಟ ಬಟ್ಟೆಯ ತೇವ ಆರುವವರೆಗೆ ಬರೆಯುತ್ತಿದ್ದನೆಂಬ ಪ್ರತೀತಿಯಲ್ಲಿ ಸಿಇಟಿಯ 80 ನಿಮಿಷದ ಮಿತಿಗೂ ಮೂಲ ಕಾಣುತ್ತದೆ, ಗದಗಿನ ಬಿಸಿಲಿಗೆ ಅಷ್ಟರಲ್ಲಿ ಬಟ್ಟೆ ಆರಿಯೇ ಆರುತ್ತದೆ. ಆದ್ದರಿಂದ ಒಮ್ಮೆ ಬರೆದದ್ದೇ ಅಂತಿಮ, ಸಿಕ್ಕ ಸೀಟು ಹಿಡಿಯತಕ್ಕದ್ದು.

ಲಕ್ಷ್ಮೇಶ್ವರ ಪ್ರಸ್ಥಾನದವರು ಇದನ್ನು ಖಂಡಿಸುವ ರೀತಿ ಮನೋಹರವಾಗಿದೆ. ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದ ಪಂಪ ಕ್ರಿ.ಶ. 941ರ ಸುಮಾರಿಗೇ ಭಾರತದ ಪೇಪರಿಗೆ ಮೊದಲ ರ‍್ಯಾಂಕು ಪಡೆದಾಗಿತ್ತು. ನೂರಾರು ವರ್ಷಗಳ ಮೇಲೆ ಅದೇ ವಿಷಯಕ್ಕೆ ಮತ್ತೆ ಕುಳಿತ ನಾರಣಪ್ಪ ರಿಪೀಟರ್ ಅಲ್ಲದೆ ಇನ್ನೇನು? ಸಾಲದ್ದಕ್ಕೆ ಹದಿನೆಂಟು ಪರ್ವಗಳಲ್ಲಿ ಅವನು ಅಟೆಂಡ್ ಮಾಡಿದ್ದು ಹತ್ತು. ಶೇಕಡಾ 55.55, ಅಂದರೆ ಸೆಕೆಂಡ್ ಕ್ಲಾಸು. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಪರೀಕ್ಷೆ-2ಕ್ಕೆ ಇದಕ್ಕಿಂತ ಹಳೆಯ ದಾಖಲೆ ಬೇಕೇ? ಗದಗಿನವರು ಈ ವಾದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಭಜಿ ತಣ್ಣಗಾಗುತ್ತದೆಂದು ವಿಷಯ ಬದಲಿಸುತ್ತಾರೆ.

ಶಿರಹಟ್ಟಿಯವರು, ಫಕೀರೇಶ್ವರನ ಊರಿನವರಾದ್ದರಿಂದ, ಸಮನ್ವಯವಾದಿಗಳು. ಸಿಕ್ಕ ಸೀಟಿಗೆ ಫೀ ಕಟ್ಟಿ ಕಾಲೇಜಿಗೂ ಹೋಗು, ಒಳಗಿಂದೊಳಗೆ ನೀಟಿಗೂ ಓದು ಎನ್ನುತ್ತಾರೆ. ಈ ಮಾರ್ಗ ಹಿಡಿದವರು ಎರಡನ್ನೂ ಅರ್ಧ ಅರ್ಧ ಓದುವುದು ಕಂಡುಬಂದಿದೆ.

ಮುಂಡರಗಿ ಪ್ರಸ್ಥಾನ ಇವೆಲ್ಲಕ್ಕಿಂತ ಆಳವಾದದ್ದು, ತುಂಗಭದ್ರೆಯಷ್ಟೇ ಆಳ. ಹೊಳೆಯ ಆಚೆ ದಂಡೆಯ ಹೂವಿನಹಡಗಲಿಗೆ, ಇತ್ತ ಗಡಿ ದಾಟಿದರೆ ಕೊಪ್ಪಳಕ್ಕೆ ಸಂವಿಧಾನದ 371(ಜೆ) ಮೀಸಲಾತಿ ಇದೆ, ಮುಂಡರಗಿಗೆ ಇಲ್ಲ. ಹೀಗಾಗಿ ಅಂಕವೆಂಬುದು ಮಾಯೆ, ವಿಳಾಸವೇ ಸತ್ಯವೆಂಬುದು ಇವರ ಸಿದ್ಧಾಂತ. ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಹುಟ್ಟನ್ನು ಮತ್ತೆ ಬರೆಯಲಾಗದು ಎಂದು ಹೇಳಿ ಅವರು ಹೊಳೆಯತ್ತ ನೋಡುತ್ತಾರೆ.

ಐದನೆಯದು ಬೆಟಗೇರಿ ಪ್ರಸ್ಥಾನ, ಆದರೆ ಇವರನ್ನು ಯಾರೂ ದಾರ್ಶನಿಕರೆಂದು ಪರಿಗಣಿಸಿಲ್ಲ. ಮಗ್ಗದ ಮುಂದೆ ಕೂತ ಅವರು ಕೇಳುವುದು ಒಂದೇ: ‘ಲಾಂಗ್ ಟರ್ಮ್ ಫೀ ಯಾರು ಕಟ್ಟಾವ್ರು?’ ಶಾಸ್ತ್ರಚರ್ಚೆಯಲ್ಲಿ ಇಂಥ ಪ್ರಶ್ನೆ ಅಪ್ರಸ್ತುತ.

ಪ್ರಸ್ಥಾನಗಳ ಹೊರಗೊಂದು ಗಣಿತವೂ ಇದೆಯೆಂದು ಹೇಳದಿದ್ದರೆ ಪ್ರಬಂಧ ಅಪೂರ್ಣ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಮೂರು ವಿಷಯಗಳ 300 ಅಂಕ ಅರ್ಧ, ಸಿಇಟಿಯ 180 ಅಂಕ ಇನ್ನರ್ಧ. ಅಂದರೆ ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ. ಪರೀಕ್ಷೆ-2 ಬರೆದು ಹತ್ತು ಅಂಕ ಏರಿಸಿಕೊಂಡವನು ಸಿಇಟಿಯಲ್ಲಿ ಆರು ಪ್ರಶ್ನೆ ಹೆಚ್ಚು ಬಿಡಿಸಿದಂತೆ. ತಪ್ಪು ಉತ್ತರಕ್ಕೆ ಸಿಇಟಿಯಲ್ಲಿ ಅಂಕ ಕಡಿತವಿಲ್ಲ. ನೀಟಿನಲ್ಲಿ ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. ಈ ಲೆಕ್ಕವನ್ನು ಕಟ್ಟೆಯ ಮೇಲೆ ಯಾರೂ ಎತ್ತುವುದಿಲ್ಲ, ಎತ್ತಿದರೆ ಚರ್ಚೆ ಐದು ನಿಮಿಷದಲ್ಲಿ ಮುಗಿಯುವ ಅಪಾಯವಿದೆ.

ಇನ್ನು, ಮತ್ತೆ ಬರೆದ ಮೇಲೆ ಯಾವ ಅಂಕ ಕಳಿಸಬೇಕು ಎಂಬ, ಪ್ರಶ್ನೆಯ ಉತ್ತರಾರ್ಧಕ್ಕೆ ಬರೋಣ. ಸರ್ಕಾರದ ಮಟ್ಟಿಗೆ ಇದು ಪ್ರಶ್ನೆಯೇ ಅಲ್ಲ. ಜೆಇಇ ಮೇನ್ ಎರಡು ಸಲ ಬರೆದರೆ ಹೆಚ್ಚಿನ ಸ್ಕೋರನ್ನು ಅವರೇ ಆರಿಸಿಕೊಳ್ಳುತ್ತಾರೆ. ನೀಟ್ ಅಂಕ ಆ ವರ್ಷಕ್ಕಷ್ಟೇ. ನಿಜವಾದ ಸಮಸ್ಯೆ ಬೀಗರಿಗೆ ಯಾವುದನ್ನು ಕಳಿಸಬೇಕೆಂಬುದು. ಇಲ್ಲಿ ನಮ್ಮ ತಾಯಂದಿರು ಸಾಧಿಸಿರುವ ಸೂಕ್ಷ್ಮತೆ ನವ್ಯನ್ಯಾಯದವರಿಗೂ ಎಟುಕದು. ಜೆಇಇ ಕಡಿಮೆಯಾಗಿದ್ದರೂ ‘ಎಂಬತ್ತೈದು ಬಿತ್ತು’ ಎನ್ನಬೇಕು. ಪರ್ಸೆಂಟೈಲು ಕೇಳಿದವರ ಕಿವಿಯಲ್ಲಿ ತಾನಾಗಿ ಪರ್ಸೆಂಟ್ ಆಗುತ್ತದೆ. ನೀಟಿನದ್ದು ‘ನಾನೂರು’ ಎಂದು ಬಿಡಬೇಕು, 720ರ ಸುದ್ದಿ ತೆಗೆಯಬಾರದು. ಸಿಇಟಿ ರ‍್ಯಾಂಕನ್ನು ಮಾತ್ರ ಅಜ್ಜನಿಗೆ ಧೈರ್ಯವಾಗಿ ಹೇಳಬಹುದು. ‘ನಲವತ್ತೆಂಟು ಸಾವಿರ ಬಂತೇನ? ಭೇಷ್ ತಮ್ಮಾ!’ ಎಂದು ಆತ ಬೆನ್ನು ತಟ್ಟುತ್ತಾನೆ.

ಈ ಶಾಸ್ತ್ರದ ಅತಿದೊಡ್ಡ ಪ್ರಯೋಗ ನಡೆದದ್ದು 2024ರ ನೀಟಿನಲ್ಲಿ. ಕೃಪಾಂಕ ಪಡೆದಿದ್ದ 1,563 ಮಂದಿಗೆ ಎರಡೇ ದಾರಿ: ಜೂನ್ 23ರಂದು ಮತ್ತೆ ಬರೆಯಿರಿ, ಇಲ್ಲವೇ ಕೃಪಾಂಕ ಬಿಟ್ಟು ಮೂಲ ಅಂಕ ಇಟ್ಟುಕೊಳ್ಳಿ. 813 ಮಂದಿ ಬರೆದರು, 750 ಮಂದಿ ಬರೆಯಲಿಲ್ಲ. ಪರೀಕ್ಷೆ ಬರೆದ ಮಕ್ಕಳೇ ಹೀಗೆ ಅರ್ಧಕ್ಕರ್ಧ ಒಡೆದು ಹೋದ ಪ್ರಶ್ನೆಗೆ ಮಾಮ ಮಾತ್ರ ಎಲೆ ಅಡಿಕೆ ಮೆಲ್ಲುತ್ತ ‘ಇನ್ನೊಂದ್ಸಲ ಬರಿಲಿ ಬಿಡ್ರಿ’ ಎಂದು ಖಚಿತವಾಗಿ ಹೇಳಬಲ್ಲ. 2015ರಲ್ಲಿ ಗದಗಿಗೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದ ಮೇಲಂತೂ ಆತನ ಖಚಿತತೆ ಇಮ್ಮಡಿಸಿದೆ. ಬಸ್ ಚಾರ್ಜೂ ಉಳಿಯುತ್ತದೆ ಎನ್ನುತ್ತಾನೆ.

ಐದು ಪ್ರಸ್ಥಾನಗಳನ್ನೂ ನಾಲ್ಕು ಪ್ರಮಾಣಗಳನ್ನೂ ಶೋಧಿಸಿದರೂ, ‘ನಿನಗೇನು ಓದಬೇಕು ಅನ್ನಸ್ತೈತಿ?’ ಎಂದು ಹುಡುಗನನ್ನು ಕೇಳಿದ ಉಲ್ಲೇಖ ನಮಗೆ ಎಲ್ಲೂ ಸಿಗಲಿಲ್ಲ. ಅದನ್ನು ಐದನೆಯ ಪ್ರಮಾಣವಾಗಿ ಸೇರಿಸಬೇಕೆಂದು ಸೂಚಿಸುತ್ತೇವೆ. ಇದಕ್ಕೆ ಆಕ್ಷೇಪಣೆಗಳಿದ್ದಲ್ಲಿ ಓದುಗರು ಪಠ್ಯಪುಸ್ತಕದ ಪುಟಸಂಖ್ಯೆ ಸಮೇತ, ಕೀ ಉತ್ತರಕ್ಕೆ ಸಲ್ಲಿಸುವಂತೆ, ಲಿಖಿತವಾಗಿ ಸಲ್ಲಿಸಬಹುದು. ಮಾಮಂದಿರ ಆಕ್ಷೇಪಣೆಗಳನ್ನು ಸ್ವೀಕರಿಸಲಾಗುವುದಿಲ್ಲ.