ಓಟ ಅನ್ನುವುದು ಮರ್ಯಾದೆಗೆ

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್. ಅದೂ ಸಾಲದು ಅನ್ನುವವರಿಗೆ ಅಲ್ಟ್ರಾ. ಹಾಲು ತರಲೂ ಸ್ಕೂಟರ್ ಹತ್ತುವ ನಾನು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದ 50 ಕಿಲೋಮೀಟರಿಗೆ ಹೆಸರು ಕೊಟ್ಟೆ.

ಏರು ಬಂದರೆ ಎಲ್ಲರೂ ಮಂಡಿಗೆ ಕೈಯೂರಿ ನಡೆಯುವವರೇ. ಅರ್ಧ ದಾರಿಯಲ್ಲಿ ಕಾಲ್ಚೀಲ ಇಳಿಸಿ ನೋಡಿದರೆ, ಹಿಮ್ಮಡಿಯ ಬೊಬ್ಬೆಯ ಪಕ್ಕ ಇಂಬಳವೊಂದು ದ್ರಾಕ್ಷಿಯಷ್ಟು ಊದಿ ಕೂತಿತ್ತು. ಎಂಟ್ರಿ ಫೀ ಕೊಡದೆ ಬಂದದ್ದು ಅದೊಂದೇ. ಮುಂದೆ ಓಟಗಾರರಿಗೆಂದು ಬೇಯಿಸಿದ ಆಲೂಗಡ್ಡೆ, ಉಪ್ಪು ಇಟ್ಟಿದ್ದರು. ಮನೆಯಲ್ಲಾದರೆ ಒಗ್ಗರಣೆ ಎಲ್ಲಿ ಅಂತ ಜಗಳ ತೆಗೆಯುತ್ತಿದ್ದೆ. ಅಲ್ಲಿ ನಾಲ್ಕು ತಿಂದು ಕೈ ಮುಗಿದೆ.

ಸೌದೆ ಹೊರೆ ಹೊತ್ತ ಅಜ್ಜಿಯೊಬ್ಬರು ನನ್ನನ್ನು ಸಲೀಸಾಗಿ ದಾಟುತ್ತಾ ಕೇಳಿದರು: "ಯಾಕಪ್ಪಾ, ಬಸ್ ತಪ್ಪಿತಾ?"

ದುಡ್ಡು ಕೊಟ್ಟು ಓಡುತ್ತಿದ್ದೇನೆ ಅನ್ನಲು ನಾಚಿಕೆಯಾಗಿ, "ಹೂಂ ಅಜ್ಜೀ" ಅಂದೆ.